ಜನವರಿ 1ರ ಗುರಿ ಸಂಕ್ರಾಂತಿಗೇ ಯಾಕೆ ನಿಲ್ಲುತ್ತದೆ?

ನೀವು ರೈತರಾದರೆ, ಆರಿಸಿದ ತಾರೀಖೇ ತಪ್ಪಿರಬೇಕು. ಮಂಡ್ಯದ ಕಡೆ ಭತ್ತದ ಕೊಯ್ಲು, ಒಕ್ಕಣೆ ಡಿಸೆಂಬರ್, ಜನವರಿಯಲ್ಲೇ ಬರುತ್ತವೆ. ಆಗಲೇ ವಾಕಿಂಗ್, ಓದು, ತಿಂಗಳ ಉಳಿತಾಯ ಮೂರನ್ನೂ ಶುರು ಮಾಡಿ ಸಂಕ್ರಾಂತಿವರೆಗೆ ಎಳೆದದ್ದೇ ಜಾಸ್ತಿ, ಅಲ್ವಾ?

ಮೊದಲು ಕಳೆದ ವರ್ಷದ ಕ್ಯಾಲೆಂಡರ್ ತೆಗೆದು ನಾಟಿ, ಕೊಯ್ಲು, ಕಬ್ಬು ಕಡಿಯುವ ವಾರಗಳಿಗೆ ಗುರುತು ಹಾಕಿ. ಊರಹಬ್ಬವನ್ನೂ ಬಿಡಬೇಡಿ. ಕೆಲಸ ಕಡಿಮೆ ಇರುವ ವಾರ ನೋಡಿ ವಾಕಿಂಗ್ ಒಂದನ್ನೇ ಶುರು ಮಾಡಿ. ಅದು ರೂಢಿಯಾದ ಮೇಲೆ ಓದು. ಎಷ್ಟು ದಿನ ಬೇಕು ಅಂತ ಖಚಿತವಾಗಿ ಹೇಳಲಾಗದು. 21 ದಿನದಲ್ಲಿ ರೂಢಿಯಾಗುತ್ತದೆ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಲಂಡನ್ನಿನ ಒಂದು ಅಧ್ಯಯನದಲ್ಲಿ ಅದು 18ರಿಂದ 254 ದಿನದವರೆಗೆ ಇತ್ತು.

ಬೆಳೆಯ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ, ಹಾಗಾಗಿ ಉಳಿತಾಯಕ್ಕೆ ತಿಂಗಳ ಲೆಕ್ಕ ನಿಮಗೆ ಹೊಂದುವುದಿಲ್ಲ. ಕಬ್ಬಿನ ದುಡ್ಡು ಖಾತೆಗೆ ಬಿದ್ದ ದಿನವೇ ಒಂದು ಪಾಲು ಎಫ್‌ಡಿಗೆ ಹಾಕಿ.