23 ಕಾಮೆಂಟು

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ಹುಡುಗಿಗೆ 21 ವರ್ಷ. ಹಾವೇರಿ ಕಡೆಯವಳು, ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ಕೌನ್ಸೆಲಿಂಗಿಗೆ ನನ್ನ ಹತ್ತಿರ ಬಂದಾಗ ಏಳನೇ ವಾರ. ಭಾನುವಾರ ಸಂಜೆಯಾದರೆ ಹೊಟ್ಟೆನೋವು. ರಾತ್ರಿ ನಿದ್ದೆ ಇಲ್ಲ. ಪಿಜಿಯಲ್ಲಿ ಊಟ ಬಿಟ್ಟು ಮಲಗಿಬಿಡುತ್ತಾಳೆ. ಡಾಕ್ಟರು ನೋಡಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದಿದ್ದರು.

"ನನಗ ಏನೂ ಬರಂಗಿಲ್ರಿ ಮೇಡಂ. ತಪ್ಪಿ ಆರಿಸ್ಕೊಂಡಾರ."

ಮೊದಲು ನಾನು ಇಂಗ್ಲಿಷ್ ಭಯ ಅಂದುಕೊಂಡೆ. ಊರ ಕಡೆಯಿಂದ ಬಂದ ಮಕ್ಕಳೆಂದರೆ ನಮಗೆ ಥಟ್ಟನೆ ಹೊಳೆಯುವುದು ಅದೇ. ಸುಮ್ನೆ ಅರ್ಧ ಗಂಟೆ ಹಾಳು. ಅವಳ ಇಂಗ್ಲಿಷ್ ಚೆನ್ನಾಗಿಯೇ ಇತ್ತು. ವಿಷಯ ಬೇರೆ. ಅವಳು ಬರೆದ ಮೊದಲ ಕೋಡಿಗೆ ಸೀನಿಯರ್ ಒಬ್ಬರು ರಿವ್ಯೂನಲ್ಲಿ (ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ನೋಡುವುದು) 23 ಕಾಮೆಂಟು ಹಾಕಿದ್ದರು, ಟೀಮಿನವರೆಲ್ಲ ನೋಡುವ ಜಾಗದಲ್ಲಿ. ಕಾಲೇಜಿನಲ್ಲಿ ಇವಳು ಯಾವಾಗಲೂ ಮೊದಲ ಮೂವರಲ್ಲಿ ಒಬ್ಬಳು. ಅವತ್ತಿನಿಂದ ಯಾರನ್ನೂ ಏನೂ ಕೇಳುವುದನ್ನೇ ಬಿಟ್ಟಳು. ಒಮ್ಮೆ ಡೇಟಾಬೇಸ್ ಕನೆಕ್ಟ್ ಆಗದೆ ಎರಡು ದಿನ ಒದ್ದಾಡಿದ್ದಾಳೆ. ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ (ಯಾರ ಕೆಲಸ ಎಲ್ಲಿಗೆ ಬಂತು ಅಂತ ಟೀಮಿನವರು ಹೇಳುವ ಚಿಕ್ಕ ಸಭೆ) ಎರಡು ದಿನವೂ "ಕೆಲಸ ನಡೀತಿದೆ" ಅಂದಿದ್ದಾಳೆ. ಕಡೆಗೆ ನೋಡಿದರೆ ಕಂಪನಿಯ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಆನ್ ಆಗಿರಲಿಲ್ಲ.

ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ನಡುರಾತ್ರಿ ನಾನು ಸಿಗುವುದಿಲ್ಲ, ಅದು ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು.

ಇಂಥವರಿಗೆ ಈಗ ಎಲ್ಲರೂ ಹಚ್ಚುವ ಹೆಸರು ಇಂಪಾಸ್ಟರ್ ಸಿಂಡ್ರೋಮ್, ಅಂದರೆ ಯೋಗ್ಯತೆ ಇದ್ದೂ ನಾನು ನಕಲಿ, ಒಂದು ದಿನ ಸಿಕ್ಕಿಬೀಳುತ್ತೇನೆ ಅನ್ನುವ ಭಯ. 1978ರಲ್ಲಿ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಎಂಬಿಬ್ಬರು ಮನಶ್ಶಾಸ್ತ್ರಜ್ಞೆಯರು ಈ ಬಗ್ಗೆ ಮೊದಲು ಬರೆದದ್ದು ಓದಿನಲ್ಲಿ, ಕೆಲಸದಲ್ಲಿ ಆಗಲೇ ಹೆಸರು ಮಾಡಿದ್ದ ಹೆಂಗಸರನ್ನು ನೋಡಿ. ಇವಳಿಗೆ ಅದನ್ನು ಹಚ್ಚಲು ನನಗೆ ಮನಸ್ಸಾಗಲಿಲ್ಲ. ಇವಳಿಗೆ ಕೆಲಸ ನಿಜಕ್ಕೂ ಗೊತ್ತಿರಲಿಲ್ಲ. ಕಲಿಯೋಕೆ ಅಂತಲೇ ಬಂದವಳಲ್ವಾ?

ಎರಡನೇ ಭೇಟಿಗೆ ಆ 23 ಕಾಮೆಂಟುಗಳ ಸಾರವನ್ನು ಕೈಯಲ್ಲಿ ಬರೆದು ತರಲು ಹೇಳಿದ್ದೆ. ಕೋಡ್ ಬೇಡ, ಅದು ಕಂಪನಿಯದ್ದು. ಇಬ್ಬರೂ ಕೂತು ವಿಂಗಡಿಸಿದೆವು. 14 ಬರೀ ಹೆಸರಿಡುವುದು, ಸ್ಪೇಸ್ ಬಿಡುವುದು. 6 ಪ್ರಶ್ನೆಗಳು, "ಇಲ್ಲಿ ಹೀಗ್ಯಾಕೆ?" ಎನ್ನುವಂಥವು. ನಿಜವಾದ ತಪ್ಪು 3. ಅವಳ ಬಗ್ಗೆ ಒಂದೂ ಇರಲಿಲ್ಲ.

ಅವರದು ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಮನೆ. "ಮಾರ್ಕೆಟ್ಟಿನಲ್ಲಿ ಕಾಯಿ ಹಸಿ ಐತಿ ಅಂದ್ರೆ ಅಪ್ಪ ಏನು ಮಾಡ್ತಾರೆ?" ಅಂದೆ.

"ಬೈಕೋಂತ ಮತ್ತ ಒಣಗಸ್ತಾರ್ರಿ." ಮೊದಲ ಸಲ ನಕ್ಕಳು.

ನಾನು ಹೇಳಿದ್ದು ಇಷ್ಟು. ಎಲ್ಲಾದರೂ ಸಿಕ್ಕಿಕೊಂಡರೆ ಅರ್ಧ ಗಂಟೆ ಒದ್ದಾಡು, ಆಮೇಲೆ ಕೇಳು. ಕೇಳುವಾಗ ಏನು ಮಾಡಲು ಹೊರಟಿದ್ದೆ, ಏನೇನು ಮಾಡಿ ನೋಡಿದೆ, ಯಾವ ಎರರ್ ಬಂತು, ಮೂರನ್ನೂ ಬರೆದು ಕಳಿಸು. ಬರೆಯುತ್ತಿದ್ದಂತೆ ಎಷ್ಟೋ ಸಲ ಉತ್ತರ ನಿನಗೇ ಹೊಳೆಯುತ್ತದೆ. ಸ್ಟ್ಯಾಂಡ್‌ಅಪ್‌ನಲ್ಲಿ "ನಡೀತಿದೆ" ಅನ್ನುವ ಮಾತು ಒಂದು ತಿಂಗಳು ಬಂದ್. ಅರ್ಥವಾಗದ ಕಾಮೆಂಟಿಗೆ ಸೀನಿಯರ್ ಹತ್ತಿರ ಹತ್ತು ನಿಮಿಷ ಕೇಳಿ ತಗೋ. ಕೆಲಸ ಖಾಯಂ ಆಗುವುದು ಅವರ ಬಜೆಟ್ಟಿನ ಮೇಲೂ ನಿಂತಿರುತ್ತದೆ, ಅದಕ್ಕೆ ಬೇರೆ ಕಡೆಯೂ ಅರ್ಜಿ ಹಾಕು. ಮನೆಗೆ ಫೋನ್ ಮಾಡಿ ದಿನಾ "ಎಲ್ಲಾ ಚಲೋ ಐತಿ" ಅನ್ನಬೇಡ, ವಾರಕ್ಕೊಮ್ಮೆಯಾದರೂ ನಿಜ ಹೇಳು. ಕಡೆಯದಕ್ಕೆ ಮಾತ್ರ ತುಂಬ ಹೊತ್ತು ತಕರಾರು ಮಾಡಿದಳು. ಅವ್ವ ಗಾಬರಿಯಾಗ್ತಾಳೆ ಅಂತ.

ಮೂರನೇ ಭೇಟಿಗೆ ನಿದ್ದೆ ಸುಧಾರಿಸಿತ್ತು. ಹೊಟ್ಟೆನೋವು ಪೂರ್ತಿ ಹೋಗಿರಲಿಲ್ಲ. ಹೊಸ ಕೋಡಿಗೆ 17 ಕಾಮೆಂಟು ಬಂದಿದ್ದವು. ಅವುಗಳಲ್ಲಿ ಎರಡನ್ನು ಅವಳು ಒಪ್ಪದೆ ವಾದ ಮಾಡಿದ್ದಳು.

ನಾಲ್ಕನೇ ಭೇಟಿಗೆ ಬರಲಿಲ್ಲ. "ರಿಲೀಸ್ ಐತ್ರಿ ಮೇಡಂ, ಮುಂದಿನ ವಾರ ಬರ್ತೀನಿ" ಅಂತ ಮೆಸೇಜ್ ಬಂತು. ಆ ಸಮಯವನ್ನು ಇನ್ನೊಬ್ಬರಿಗೆ ಕೊಟ್ಟೆ.