'ದಿ ಕಾರ್' ಅರ್ಧಕ್ಕೇ ಬಿಡಬೇಡಿ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಆರ್ಕ್ಟಿಕ್ ಮಂಕೀಸ್‌ನ 'ಎಎಮ್' ಆಲ್ಬಮ್ ತುಂಬಾ ಇಷ್ಟ, ಆದರೆ ಅವರದೇ 2022ರ ಆಲ್ಬಮ್ 'ದಿ ಕಾರ್' ಮೂರನೇ ಹಾಡಿಗೇ ಬೇಜಾರಾಯಿತು, ಮುಂದೆ ಕೇಳಬೇಕಾ ಅಂತ ಕೇಳಿದ್ದೀರಿ. ಕೇಳಿ ಮಾರಾಯ್ರೆ!

2013ರ 'ಎಎಮ್' ನಿಂತಿದ್ದೇ ಗಿಟಾರ್ ಮೇಲೆ. 'ದಿ ಕಾರ್'ನಲ್ಲಿ ಗಿಟಾರ್ ಹಿಂದೆ ಸರಿದಿದೆ, ಪಿಯಾನೊ, ಪಿಟೀಲುಗಳ ದಂಡು ಮುಂದೆ ಬಂದಿದೆ. ಯಕ್ಷಗಾನದಲ್ಲಿ ಬರೀ ಕುಣಿತಕ್ಕೆ ಕಾದು ಕೂತವರಿಗೆ ಅರ್ಥಗಾರಿಕೆ ಸಪ್ಪೆ ಅನಿಸುತ್ತದಲ್ಲ, ಹಾಗೇ ಇದು.

ನೀವು ನಿಲ್ಲಿಸಿದ ಕಡೆಯಿಂದ ಸ್ವಲ್ಪ ಮುಂದೆ ಹೋಗಿ. ಐದನೇ ಹಾಡು 'ಬಾಡಿ ಪೇಂಟ್'. ಮೆಲ್ಲಗೆ ಶುರುವಾಗುತ್ತದೆ, ಬ್ಯಾಂಡಿನ ಗಾಯಕ ಅಲೆಕ್ಸ್ ಟರ್ನರ್ ದನಿ ಮೇಲಕ್ಕೇರಿ ತೆಳುವಾಗುತ್ತದೆ, ಕೊನೆಗೆ ಗಿಟಾರ್ ಕಟ್ಟು ಬಿಚ್ಚಿದ ಹಾಗೆ ನುಗ್ಗುತ್ತದೆ. ಅಷ್ಟು ಹೊತ್ತು ತಡೆದಿಟ್ಟಿದ್ದಕ್ಕೇ ಆ ಪೆಟ್ಟು ಜಾಸ್ತಿ ತಾಗುವುದು. ಆಮೇಲೆ ಮೊದಲ ಹಾಡಿಗೆ ವಾಪಸ್ ಬನ್ನಿ. ಹತ್ತೂ ಹಾಡು ಚಂದ ಅಂತ ಸುಮ್ನೆ ಹೊಗಳುವುದಿಲ್ಲ, 'ಬಿಗ್ ಐಡಿಯಾಸ್' ನನಗೂ ಅಷ್ಟಕ್ಕಷ್ಟೇ.

ಕುಮಟಾ–ಶಿರಸಿ ಬಸ್ಸಲ್ಲಿ ಕೇಳಿದೆ ಅಂದಿದ್ದೀರಲ್ಲ, ಅರ್ಧ ತೊಂದರೆ ಅಲ್ಲೇ ಇದೆ. ದೇವಿಮನೆ ಘಟ್ಟ ಹತ್ತುವ ಬಸ್ಸಿನ ಸದ್ದಿಗೆ ಈ ಪಿಟೀಲು ಎಲ್ಲಿ ಕೇಳಬೇಕು? ಬಸ್ಸಿಗೆ 'ಎಎಮ್' ಇರಲಿ. ಇದನ್ನು ರಾತ್ರಿ ಊಟ ಮುಗಿಸಿ, ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.