ಪುಕ್ಕಟೆ ಪುಸ್ತಕ ಬೇಕಾದಷ್ಟಿವೆ, ನೀವು ಒಂದನ್ನು ಮಾತ್ರ ಇಳಿಸಿಕೊಳ್ಳಿ

ಪಿಯುಸಿಗೆ ಓದು ನಿಂತಿದೆ, ಓದಿದ್ದು ಕನ್ನಡ ಮಾಧ್ಯಮ, ಗಣಿತ ಮತ್ತು ಕಂಪ್ಯೂಟರ್ ಮನೆಯಲ್ಲೇ ಕಲಿಯಬೇಕು, ದುಡ್ಡು ಕೊಡದೆ ಒಳ್ಳೆಯ ಪುಸ್ತಕ ಎಲ್ಲಿ ಸಿಗುತ್ತವೆ ಅಂತ ಕೇಳಿದ್ದೀರಿ. ನಾನೂ ಹೆಚ್ಚುಕಡಿಮೆ ಅದೇ ದಾರಿಯವನು. ದಾವಣಗೆರೆಯ ಪಿ.ಬಿ. ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತೇನೆ, ಓದೆಲ್ಲ ರಾತ್ರಿ ಒಂಬತ್ತರ ಮೇಲೆ.

ಮೊದಲು ನಾನು ಮೋಸ ಹೋದ ಕಥೆ. ಒಂದು ಕೋಚಿಂಗ್ ಸೆಂಟರಿಗೆ ಹತ್ತು ಸಾವಿರ ಕಟ್ಟಿದೆ. ಸ್ಪೈರಲ್ ಬೈಂಡಿಂಗ್ ಮಾಡಿದ ದಪ್ಪ ನೋಟ್ಸ್ ಕೊಟ್ಟರು, ಇದು ಹೊರಗೆ ಎಲ್ಲೂ ಸಿಗಲ್ಲ ಅಂದರು. ನಾನೂ ನಂಬಿದೆ. ಅದರಲ್ಲಿ ಪ್ರತಿ ಪುಟದ ಮೇಲ್ತುದಿಗೆ ವೈಟ್ನರ್ ಹಚ್ಚಿದ ಗುರುತಿತ್ತು, ಒಂದು ಪುಟಕ್ಕೆ ಮಾತ್ರ ಹಚ್ಚಲು ಮರೆತಿದ್ದರು. ನೋಡಿದರೆ ಕೇಂದ್ರ ಸರ್ಕಾರದ ಎನ್‌ಸಿಇಆರ್‌ಟಿ ಸಂಸ್ಥೆಯ ಶಾಲಾ ಪಠ್ಯಪುಸ್ತಕ! ಆ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಪುಸ್ತಕ.

ಅದರ ಸಿಟ್ಟಿಗೋ ಏನೋ, ಆಮೇಲೆ ಸಿಕ್ಕಿದ್ದನ್ನೆಲ್ಲ ಇಳಿಸಿದೆ. ಫೋನಿನಲ್ಲಿ ಮುನ್ನೂರಕ್ಕೂ ಜಾಸ್ತಿ ಪಿಡಿಎಫ್. ಅಕ್ಕನ ಮಗಳ ನಾಮಕರಣದಲ್ಲಿ ಫೋಟೋ ತೆಗೆಯಲು ಹೋದರೆ ಜಾಗ ಇಲ್ಲ ಅಂತ ತೋರಿಸಿತು. ಅಷ್ಟರಲ್ಲಿ ನಾನು ಓದಿದ್ದ ಪುಸ್ತಕ ಎಷ್ಟು ಗೊತ್ತಾ? ಒಂದೂ ಇಲ್ಲ.

ಹಾಗಾಗಿ ನಿಮಗೆ ನೂರು ಲಿಂಕ್ ಕೊಡಲ್ಲ. ಗಣಿತಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣಕ್ಕೆ ಹೋಗಿ, ಹತ್ತನೇ ತರಗತಿಯ ಗಣಿತವನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಎರಡೂ ಇಳಿಸಿ. ಎರಡು ಫೈಲಾದರೂ ಪಾಠ ಒಂದೇ, ಅದಕ್ಕೇ ಒಂದೇ ಪುಸ್ತಕ ಅಂದೆ. ಪಕ್ಕಪಕ್ಕ ಇಟ್ಟು ಓದಿ. ನಮ್ಮಂಥವರಿಗೆ ಲೆಕ್ಕಕ್ಕಿಂತ ಹೆಚ್ಚು ಹೆದರಿಸುವುದು ಅದರ ಇಂಗ್ಲಿಷ್ ಹೆಸರು, ಅಲ್ವಾ? ಅರಿತ್ಮೆಟಿಕ್ ಪ್ರೋಗ್ರೆಶನ್ ಅಂದಾಗ ನನಗೆ ಕೈಕಾಲೇ ಆಡಲಿಲ್ಲ. ಪಕ್ಕದ ಪುಸ್ತಕ ತೆಗೆದರೆ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದ ಸಮಾಂತರ ಶ್ರೇಢಿ!

ಅದರದ್ದೇ ಒಂದು ಲೆಕ್ಕ ನೋಡಿ: 2, 7, 12 ಹೀಗೆ ಐದೈದು ಏರುವ ಸಾಲಿನಲ್ಲಿ ಹತ್ತನೇ ಸಂಖ್ಯೆ ಯಾವುದು? ನನಗೆ ಪ್ರತಿಸಲ 52 ಬರುತ್ತಿತ್ತು, ಸರಿಯುತ್ತರ 47. ಎರಡು ರಾತ್ರಿ ಪುಸ್ತಕದಲ್ಲೇ ತಪ್ಪು ಪ್ರಿಂಟ್ ಆಗಿದೆ ಅಂದುಕೊಂಡಿದ್ದೆ. ಆಮೇಲೆ ಅಂಗಡಿಗೆ ಮಾಯಕೊಂಡ ಕಡೆಯ ರೈತರೊಬ್ಬರು ಬಂದರು, ನೂರು ಅಡಿ ಬೇಲಿ, ಹತ್ತು ಅಡಿಗೊಂದು ಕಂಬ. ನಾನು ಹತ್ತು ಕಂಬಕ್ಕೆ ಬಿಲ್ ಹಾಕಿದೆ. ಅವರು ನಕ್ಕು, ಹನ್ನೊಂದು ಹಾಕಪ್ಪಾ, ಶುರುವಿಗೆ ಒಂದು ಬೇಡವಾ ಅಂದರು. ಹನ್ನೊಂದು ಕಂಬದ ನಡುವೆ ಹತ್ತೇ ಸಂದು. ಹಾಗೇ ಹತ್ತು ಸಂಖ್ಯೆಗಳ ನಡುವೆ ಒಂಬತ್ತೇ ಜಿಗಿತ, 2ಕ್ಕೆ ಒಂಬತ್ತೈದಲಿ 45 ಸೇರಿಸಿದರೆ 47. ಸಾಲಿನ ಎನ್‌ನೇ ಸಂಖ್ಯೆ ಕಂಡುಹಿಡಿಯುವ ಸೂತ್ರದಲ್ಲಿ ಎನ್ ಮೈನಸ್ ಒಂದು ಯಾಕಿದೆ ಅಂತ ಅವತ್ತು ಬಿಲ್ ಪುಸ್ತಕದ ಹಿಂದೆಯೇ ಬರೆದುಕೊಂಡೆ.

ಅದು ಮುಗಿದ ಮೇಲೆ ಓಪನ್‌ಸ್ಟ್ಯಾಕ್ಸ್ ನೋಡಿ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2012ರಿಂದ ಪುಕ್ಕಟೆ ಕೊಡುತ್ತಿರುವ ಪಠ್ಯಪುಸ್ತಕಗಳು, ಅಲ್ಜೀಬ್ರಾದಿಂದ ಕ್ಯಾಲ್ಕುಲಸ್‌ವರೆಗೂ ಇವೆ. ಇಳಿಸಿಕೊಳ್ಳಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವ ಕದ್ದ ಮಾಲಲ್ಲ. ಆ ಮಾಲಿನಲ್ಲಿ ಅರ್ಧ ಪುಟ ಮಸುಕು, ಅರ್ಧ ಪುಟ ಇರುವುದೇ ಇಲ್ಲ.

ಕಂಪ್ಯೂಟರಿಗೆ ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಇದೆ. ಚಿಕ್ಕಚಿಕ್ಕ ವಿಡಿಯೋ ಪಾಠ, ಕನ್ನಡದಲ್ಲಿ ವಿವರಣೆ ಇರುವವೂ ಇವೆ. ಸುಮ್ನೆ ನೋಡಬೇಡಿ, ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ನಿಮ್ಮ ಕೆಲಸ. ನಿಲ್ಲಿಸಿ, ಮಾಡಿ, ಮತ್ತೆ ಒತ್ತಿ. ಎನ್‌ಪಿಟಿಇಎಲ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರುಮಾಡಿದ ಆನ್‌ಲೈನ್ ಪಾಠಗಳು. ಒಳ್ಳೆಯದೇ, ಆದರೆ ಅದು ಹೆಚ್ಚಾಗಿ ಎಂಜಿನಿಯರಿಂಗ್ ಮಟ್ಟದ್ದು, ಈಗಲೇ ಬೇಡ. ಪಾಠ ನೋಡಲು ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆ ಶುಲ್ಕ.

ಇನ್ನೊಂದು, ಫೋನಿನಲ್ಲಿ ಓದಬೇಡಿ. ನಾನು ಒಂದೊಂದೇ ಅಧ್ಯಾಯ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿಗೆ ಪ್ರಿಂಟ್ ಹಾಕಿಸುತ್ತೇನೆ. ದುಡ್ಡು ಕೊಟ್ಟ ಹಾಳೆ ಅಂತಾದರೂ ಓದುತ್ತೇನೆ, ಮಿರ್ಚಿ ಎಣ್ಣೆ ಕಲೆಯಾದರೂ ಪರವಾಗಿಲ್ಲ. ಅದು ಮುಗಿಯುವವರೆಗೂ ಮುಂದಿನದು ಹಾಕಿಸಲ್ಲ.

ಇವತ್ತೇ ಹತ್ತನೇ ತರಗತಿಯ ಯಾವುದಾದರೂ ಅಭ್ಯಾಸದಿಂದ ಐದು ಲೆಕ್ಕ ಉತ್ತರ ನೋಡದೆ ಮಾಡಿ. ಮೂರು ಸರಿಯಾದರೆ ಅಲ್ಲಿಂದಲೇ ಶುರುಮಾಡಿ. ಇಲ್ಲ ಅಂದರೆ ಎಂಟನೇ ತರಗತಿಯ ಪುಸ್ತಕ ಇಳಿಸಿ, ನಾಚಿಕೆ ಏನಿಲ್ಲ, ನನಗೆ ಬಂದಿದ್ದು ಒಂದೇ ಒಂದು.